ಶೂ ಡಬ್ಬದ ಮೇಲಿನ ಹೆಸರು

2002ರಲ್ಲಿ ಬ್ರಿಟನ್ನಿನ ಅಂಬ್ರೋ ಕಂಪನಿ ತನ್ನ ಒಂದು ಶೂನ ಹೆಸರನ್ನು ಕೈಬಿಟ್ಟಿತು. ಅಷ್ಟು ಹೊತ್ತಿಗೆ ಆ ಶೂ ಅಂಗಡಿಗೆ ಬಂದು ಮೂರು ವರ್ಷ ಆಗಿತ್ತು. ಹೆಸರು ಝೈಕ್ಲಾನ್.

ಜರ್ಮನ್ ಭಾಷೆಯಲ್ಲಿ ಇದು ಚಂಡಮಾರುತ. ಓಡಾಡುವ ಕಾಲಿಗೆ ಒಪ್ಪುವ ಹೆಸರೇ ಅನ್ನಿಸುತ್ತೆ, ಅಲ್ವಾ? ಆದರೆ ಹಿಟ್ಲರನ ಕಾಲದಲ್ಲಿ ನಾಜಿಗಳು ಔಶ್ವಿಟ್ಸ್ ಅನ್ನೋ ಸೆರೆ ಶಿಬಿರದಲ್ಲಿ ಜನರನ್ನು ಕೋಣೆಗೆ ತುಂಬಿ ಕೊಂದರಲ್ಲ, ಆ ವಿಷದ ಹೆಸರು ಝೈಕ್ಲಾನ್ ಬಿ. ಮೊದಲು ಅದು ಹೇನು, ಹುಳ ಸಾಯಿಸುವ ಔಷಧಿ. ಡಬ್ಬ ಒಡೆದು ಗಾಳಿ ತಾಗಿದರೆ ಸಾಕು, ಒಳಗಿನ ಹರಳುಗಳಿಂದ ಸೈನೈಡ್ ಅನಿಲ ಏಳುತ್ತಿತ್ತು.

ಆ ಶಿಬಿರ ಈಗ ಮ್ಯೂಸಿಯಂ. ಅಲ್ಲಿ ಆ ವಿಷದ ಖಾಲಿ ಡಬ್ಬಗಳನ್ನು ರಾಶಿ ಹಾಕಿ ಇಟ್ಟಿದ್ದಾರೆ. ಶಿಬಿರಕ್ಕೆ ತಂದವರ ಕಾಲಿನಿಂದ ಬಿಚ್ಚಿಸಿದ ಶೂ, ಚಪ್ಪಲಿಗಳೂ ಇವೆ. 1 ಲಕ್ಷಕ್ಕೂ ಜಾಸ್ತಿ. ಅದರಲ್ಲಿ ಪುಟ್ಟ ಮಕ್ಕಳವೂ ಇವೆ. ಆ ವಿಷದ ಡಬ್ಬದ ಮೇಲಿನ ಪದವನ್ನೇ ತಂದು ಹೊಸ ಶೂ ಡಬ್ಬದ ಮೇಲೆ ಅಚ್ಚು ಹಾಕಿದರು. ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಬೇಕಂತ ಮಾಡಿದ್ದಲ್ಲ ಅಂತ ಅಂಬ್ರೋ ಹೇಳಿತು. ಆ ಮಾತನ್ನು ನಾನು ನಂಬುತ್ತೇನೆ. ನಂಬೋಕೆ ಕಷ್ಟವಾಗೋದು ಇನ್ನೊಂದು ವಿಷಯ. ಜರ್ಮನಿಯ ಬಾಶ್ ಮತ್ತು ಸೀಮೆನ್ಸ್ ಸೇರಿ ನಡೆಸುತ್ತಿದ್ದ ಕಂಪನಿ ಮನೆಬಳಕೆ ಯಂತ್ರಗಳಿಗೆ ಇದೇ ಹೆಸರು ಬೇಕು ಅಂತ ಅಮೆರಿಕದಲ್ಲಿ ಅರ್ಜಿ ಹಾಕಿತ್ತು. ಗಲಾಟೆಯಾದ ಮೇಲೆ ಅದೇ 2002ರಲ್ಲಿ ವಾಪಸ್ ತೆಗೆದುಕೊಂಡಿತು. ಯುದ್ಧದ ಕಾಲದಲ್ಲಿ ಶಿಬಿರದ ಕೈದಿಗಳನ್ನು ದುಡಿಸಿಕೊಂಡ ಕಂಪನಿ ಸೀಮೆನ್ಸ್. ಅಲ್ಲಿ ಒಬ್ಬರಿಗೂ ಈ ಪದ ನೆನಪಾಗಲಿಲ್ಲವಾ?

ಹೆಸರಿಡುವಾಗ ಕಂಪನಿಗಳು ವಿಚಾರಿಸೋದೇ ಇಲ್ಲ ಅಂತಲ್ಲ. ಟ್ರೇಡ್‌ಮಾರ್ಕ್ ಹುಡುಕಾಟ ಮಾಡಿಸುತ್ತಾರೆ. ಆದರೆ ಆ ಹುಡುಕಾಟ ಕೇಳೋದು ಒಂದೇ ಪ್ರಶ್ನೆ: ಈ ಹೆಸರಲ್ಲಿ ಬೇರೆ ಯಾರಾದರೂ ವ್ಯಾಪಾರ ಮಾಡುತ್ತಿದ್ದಾರಾ? ಈ ಹೆಸರಿನ ಜೊತೆ ಯಾರು ಏನು ಅನುಭವಿಸಿದರು ಅನ್ನೋದು ಆ ಕಡತದಲ್ಲಿ ಇರೋದಿಲ್ಲ. ಅದನ್ನು ಮನುಷ್ಯರೇ ಹುಡುಕಬೇಕು.

ರೀಬಾಕ್ ಕಥೆ ಇನ್ನೂ ಕಾಡುತ್ತೆ. 1997ರಲ್ಲಿ ಅವರ ಹೆಂಗಸರ ಓಟದ ಶೂ ಒಂದರ ಹೆಸರು ಇನ್‌ಕ್ಯುಬಸ್ ಅಂತ ಸುದ್ದಿಯಾಯಿತು. ಯುರೋಪಿನ ಹಳೆಯ ನಂಬಿಕೆಯಲ್ಲಿ ಇನ್‌ಕ್ಯುಬಸ್ ಅಂದರೆ ಮಲಗಿರುವ ಹೆಂಗಸರ ಮೇಲೆ ಬಂದು ಅತ್ಯಾಚಾರ ಮಾಡುವ ಪಿಶಾಚಿ. ಯಾವ ಇಂಗ್ಲಿಷ್ ನಿಘಂಟು ತೆಗೆದರೂ ಸಿಗುತ್ತೆ. ಹೆಂಗಸರು ಹಾಕಿಕೊಳ್ಳುವ ಶೂಗೆ ಆ ಹೆಸರು! 50 ಸಾವಿರ ಜೊತೆಗೂ ಜಾಸ್ತಿ ಹೊರಗೆ ಹೋದ ಮೇಲೆ ಕಂಪನಿಗೆ ಗೊತ್ತಾಯಿತು.

ರೀಬಾಕ್ ಅನ್ನೋ ಹೆಸರು ಸಿಕ್ಕಿದ್ದೇ ನಿಘಂಟಿನಲ್ಲಿ. ಸ್ಥಾಪಕರಲ್ಲಿ ಒಬ್ಬರಾದ ಜೋ ಫಾಸ್ಟರ್‌ಗೆ ಚಿಕ್ಕವರಿದ್ದಾಗ ಓಟದ ಪಂದ್ಯದಲ್ಲಿ ಒಂದು ನಿಘಂಟು ಬಹುಮಾನವಾಗಿ ಬಂದಿತ್ತು. ಮೊದಲು ಇಟ್ಟ ಮರ್ಕ್ಯುರಿ ಹೆಸರು ಇನ್ನೊಬ್ಬರದ್ದು ಅಂತ ಗೊತ್ತಾದಾಗ ಅವರು ಸುಮ್ನೆ ಯಾವುದೋ ಹೆಸರು ಹಾಕಿಕೊಳ್ಳಲಿಲ್ಲ. ಆ ಪುಸ್ತಕ ತೆಗೆದು, ಒಂದು ಆಫ್ರಿಕನ್ ಜಿಂಕೆಯ ಹೆಸರು ಕಂಡು, ಅದು ಏನು ಅಂತ ಓದಿದರು. ಎಷ್ಟೋ ವರ್ಷದ ನಂತರ ಇನ್‌ಕ್ಯುಬಸ್ ಅನ್ನೋ ಪದಕ್ಕೂ ಯಾರಾದರೂ ಅಷ್ಟು ಮಾಡಿದ್ದರೆ ಸಾಕಿತ್ತು.