ಕಾರಂಜಿ ಯಾರಿಗಾಗಿ ಚಾಲೂ ಆಗಬೇಕು?

ಕಳೆದ ಏಪ್ರಿಲ್ ತಿಂಗಳಲ್ಲಿ ರಜೆಗೆಂದು ಊರಿಗೆ ಬಂದಾಗ ಆರು ವರ್ಷದ ಮಗಳನ್ನು ಬಾಗಲಕೋಟೆಯ ನವನಗರದ ಒಂದು ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದೆ. ಸಂಜೆ ಐದೂವರೆಯಾಗಿದ್ದರೂ ಕಲ್ಲುಹಾಸಿನ ಕಾವು ಇಳಿದಿರಲಿಲ್ಲ. ನಡುವಿನ ಕಾರಂಜಿಯ ತೊಟ್ಟಿಯಲ್ಲಿ ಬೇವಿನ ಒಣ ಎಲೆಗಳು, ಗುಟ್ಕಾ ಚೀಟಿಗಳು ಮತ್ತು ನೀರು ಆರಿದ ಮೇಲೆ ಉಳಿದ ಸವಳಿನ ಬಿಳಿ ಪದರ ಇದ್ದವು. ಹಿತ್ತಾಳೆಯ ನಳಿಕೆಗಳ ಬಾಯಿ ಅದೇ ಸವಳಿನಿಂದ ಕಟ್ಟಿಹೋಗಿತ್ತು. ಇದು ಯಾವಾಗ ಶುರುವಾಗುತ್ತದೆ ಎಂದು ಕಾವಲುಗಾರರನ್ನು ಕೇಳಿದೆ. ‘ಸಾಹೇಬ್ರು ಬರೂ ದಿನ ಚಾಲೂ ಮಾಡ್ತಾರ್ರಿ, ಇಲ್ಲಾಂದ್ರ ಆಗಸ್ಟ್ ಹದಿನೈದಕ್ಕ’ ಎಂದರು. ಅಂಗಿಯ ಒಳಗೆ ಈಜುಡುಗೆ ತೊಟ್ಟುಕೊಂಡೇ ಬಂದಿದ್ದ ಮಗಳು ಅದನ್ನು ಮೇಲಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡಳು. ಆ ಉತ್ತರ ನನ್ನನ್ನು ಇಂದಿಗೂ ಚುಚ್ಚುತ್ತಿದೆ.

ನಾವು ಇರುವುದು ಟೊರೊಂಟೊದಲ್ಲಿ. ಮನೆಯ ಹತ್ತಿರದ ಉದ್ಯಾನದಲ್ಲಿ, ನೆಲದಿಂದಲೂ ಕಂಬಗಳಿಂದಲೂ ನೀರು ಚಿಮ್ಮುವ ಒಂದು ಆಟದಂಗಳವಿದೆ. ಅಲ್ಲಿ ಅದನ್ನು ಸ್ಪ್ಲ್ಯಾಶ್ ಪ್ಯಾಡ್ ಎನ್ನುತ್ತಾರೆ. ಮೇ ತಿಂಗಳ ಕೊನೆಯ ಭಾಗದಲ್ಲಿ ತೆರೆದು ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಮುಚ್ಚುತ್ತದೆ. ಎರಡು ವರ್ಷದ ಹಿಂದೆ, ಇನ್ನೂ ಜಾಕೆಟ್ ಇಲ್ಲದೆ ಹೊರಗೆ ಹೋಗಲಾಗದಂಥ ಒಂದು ಮೇ ಮುಂಜಾನೆ, ಒಬ್ಬ ಕೆಲಸಗಾರ ಆ ಖಾಲಿ ಅಂಗಳದಲ್ಲಿ ಮೊಣಕಾಲೂರಿ ಕುಳಿತು ಒಂದೊಂದೇ ನಳಿಕೆಯನ್ನು ಬಿಚ್ಚಿ ತೊಳೆಯುತ್ತಿದ್ದುದನ್ನು ಕಂಡು ಮಾತಿಗೆ ನಿಂತೆ.

ನೀರು ಹೆಪ್ಪುಗಟ್ಟಿದರೆ ಶೇಕಡಾ 9ರಷ್ಟು ಹಿಗ್ಗಿ ಕೊಳವೆಯನ್ನೇ ಸೀಳಿಬಿಡುತ್ತದೆ. ಆದ್ದರಿಂದ ಚಳಿಗಾಲಕ್ಕೆ ಮೊದಲೇ ಗಾಳಿಯ ಒತ್ತಡದಿಂದ ಕೊಳವೆಗಳೊಳಗಿನ ನೀರನ್ನೆಲ್ಲ ಊದಿ ಹೊರಹಾಕಿರುತ್ತಾರೆ. ವಸಂತದಲ್ಲಿ ಕವಾಟವನ್ನು ಒಮ್ಮೆಲೇ ತೆರೆಯದೆ ನಿಧಾನವಾಗಿ ತಿರುಗಿಸಿ, ಮೊದಲ ನೀರನ್ನು ಬಹಳ ಹೊತ್ತು ಚರಂಡಿಗೆ ಹರಿಯಬಿಡುತ್ತಾರೆ. ಏಕೆಂದರೆ 20ರಿಂದ 45 ಡಿಗ್ರಿಯ ನಡುವಿನ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ರೋಗಾಣು ಬೆಳೆಯಬಲ್ಲದು. ನೀರು ತುಂತುರಾದಾಗ ಅದು ಉಸಿರಿನೊಂದಿಗೆ ಎದೆಗೂಡನ್ನು ಸೇರುತ್ತದೆ. ಅಂಗಳದ ಕೊಳೆನೀರು ಕುಡಿಯುವ ನೀರಿನ ಕೊಳವೆಗೆ ಹಿಂದಿರುಗದಂತೆ ತಡೆಯುವ ಕವಾಟವನ್ನೂ, ಮಕ್ಕಳ ಬೆರಳು ಸಿಕ್ಕಿಕೊಳ್ಳದಂತೆ ಚರಂಡಿಯ ಜಾಲರಿಯನ್ನೂ ಪರೀಕ್ಷಿಸುತ್ತಾರೆ. ಸಾರ್ವಜನಿಕ ಈಜುಕೊಳಗಳಿಗಿದ್ದ ಒಂಟಾರಿಯೊ ಪ್ರಾಂತದ ನಿಯಮ 2018ರಿಂದ ಈ ಆಟದಂಗಳಗಳಿಗೂ ಅನ್ವಯವಾಗಿದೆ. ಆ ಮುಂಜಾನೆ ಅಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಂಗಳ ತೆರೆದ ದಿನವೂ ಹಾರವಿರಲಿಲ್ಲ, ಭಾಷಣವಿರಲಿಲ್ಲ; ಒಂದು ಮಗು ಬಂದು ಗುಂಡಿ ಒತ್ತಿತು, ನೀರು ಚಿಮ್ಮಿತು.

ಇದು ವಿದೇಶದ ಜಾಣತನವೆಂದು ನಾನು ಒಪ್ಪುವುದಿಲ್ಲ, ಏಕೆಂದರೆ ಇದಕ್ಕೂ ಮೊದಲು ಇಂಥ ಕೆಲಸವನ್ನು ನಾನು ನೋಡಿದ್ದು ಹುನಗುಂದ ತಾಲ್ಲೂಕಿನ ನನ್ನ ತಾಯಿಯ ತವರಿನಲ್ಲಿ, ಹನುಮಪ್ಪನ ಗುಡಿಯ ಮುಂದಿನ ಓಕುಳಿ ಹೊಂಡದಲ್ಲಿ. ಯುಗಾದಿ ಮುಗಿಯಿತೆಂದರೆ ಹಿರಿಯರು ಗುಡಿಯ ಕಟ್ಟೆಯಲ್ಲಿ ಕುಳಿತು ದಿನ ಗೊತ್ತು ಮಾಡುತ್ತಿದ್ದರು. ಓಕುಳಿಗೆ ಎಂಟು ದಿನ ಇರುವಾಗಲೇ ಹೊಂಡದ ಹೂಳು ಹೊರಬೀಳುತ್ತಿತ್ತು; ಜಾಲಿ ಮುಳ್ಳು, ಗಾಜಿನ ಚೂರು, ಸಡಿಲವಾದ ಕಲ್ಲು ಒಂದೂ ಉಳಿಯುತ್ತಿರಲಿಲ್ಲ. ನಮ್ಮ ಅಜ್ಜ ಕೊನೆಗೆ ಚಪ್ಪಲಿ ಕಳೆದಿಟ್ಟು ಇಡೀ ತಳವನ್ನು ಬರಿಗಾಲಲ್ಲಿ ಅಡಿಯಡಿಯಾಗಿ ತುಳಿದು ನೋಡುತ್ತಿದ್ದರು, ಮತ್ತು ಅವರು ಮೇಲೆ ಬಂದು ‘ಹೂಂ’ ಎನ್ನುವವರೆಗೆ ಯಾರೂ ಒಂದು ಕೊಡ ನೀರನ್ನೂ ಸುರಿಯುತ್ತಿರಲಿಲ್ಲ. ಆಮೇಲೆ ನೀರು, ಆಮೇಲೆ ಅರಿಷಿಣ ಸುಣ್ಣ, ಆಮೇಲೆ ಗಂಗವ್ವನ ಪೂಜೆ, ಆಮೇಲೆ ನಾವು. ಟೊರೊಂಟೊದ ಆ ಕೆಲಸಗಾರ ಜಾಲರಿಯ ಮೇಲೆ ಕೈಯಾಡಿಸುವಾಗ ನನಗೆ ಅಜ್ಜನ ಪಾದಗಳು ನೆನಪಾದವು.

ನೆರೆಯ ವಿಜಯಪುರದಲ್ಲಿ ಆದಿಲಶಾಹಿಗಳು ನಗರಕ್ಕೆ ನೀರು ತಂದ ಮಣ್ಣಿನ ಕೊಳವೆಗಳ ದಾರಿಯಲ್ಲಿ, ಒತ್ತಡ ತಗ್ಗಲೆಂದೂ ಕಸರು ತಳಕ್ಕಿಳಿಯಲೆಂದೂ ಗಂಜ್ ಎಂಬ ಗೋಪುರಗಳನ್ನು ಕಟ್ಟಿಸಿದ್ದರು. ಕುಮಟಗಿಯ ಬೇಸಿಗೆ ಅರಮನೆಯಲ್ಲಿ ಕಾರಂಜಿಗಳೂ ಇದ್ದವು. ಇಷ್ಟೆಲ್ಲ ಬಲ್ಲ ಸೀಮೆಯಲ್ಲಿ, ಶಾಲೆಗಳಿಗೆ ರಜೆ ಬೀಳುವ ಏಪ್ರಿಲ್‌ನಲ್ಲಿ ಕಾರಂಜಿ ಒಣಗಿರುತ್ತದೆ. ಮಳೆಗಾಲದ ಧ್ವಜಾರೋಹಣಕ್ಕೆ ಚಿಮ್ಮುತ್ತದೆ. ಆ ದಿನಕ್ಕೆಂದು ಅವಸರದಲ್ಲಿ ತುಂಬಿದ ನೀರನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಬೇಕಾದದ್ದು ದೊಡ್ಡ ಹಣವಲ್ಲ. ಮಾರ್ಚ್ ತಿಂಗಳಲ್ಲಿ ನಳಿಕೆಗಳನ್ನು ಬಿಚ್ಚಿ ಸವಳು ಕರಗಿಸಬೇಕು, ಪಂಪನ್ನು ಆಗಾಗ ಓಡಿಸಬೇಕು, ಕ್ಲೋರಿನ್ ಅಳೆಯಬೇಕು, ಮತ್ತು ತೆರೆಯುವ ದಿನವನ್ನು ಗೇಟಿನ ಮೇಲೆ ಬರೆದು ಆ ಮಾತಿಗೆ ನಿಲ್ಲಬೇಕು.

ನೀರಿನ ಮಾತು ಬಂದಾಗ ಮಾತ್ರ ನಾನು ತುಸು ತಗ್ಗಲೇಬೇಕು. ಟೊರೊಂಟೊದ ಕಾಲಬುಡದಲ್ಲಿ ಸಮುದ್ರದಂಥ ಸರೋವರವಿದೆ, ಮತ್ತು ಅಲ್ಲಿನ ಎಷ್ಟೋ ಆಟದಂಗಳಗಳು ಕುಡಿಯುವ ನೀರನ್ನೇ ಒಮ್ಮೆ ಚಿಮ್ಮಿಸಿ ಚರಂಡಿಗೆ ಬಿಡುತ್ತವೆ. ಬ್ಯಾರಲ್ ಹಿಡಿದು ಟ್ಯಾಂಕರ್ ಕಾದ ಓಣಿಯಲ್ಲಿ ಬೆಳೆದವನಿಗೆ ಅದನ್ನು ನೋಡುವುದು ಕಷ್ಟ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಓಣಿಗಳನ್ನು ಬಿಟ್ಟುಕೊಟ್ಟ ಬಾಗಲಕೋಟೆಯಲ್ಲಿ ಬೇಸಿಗೆಯ ಕಾರಂಜಿ ಓಡಿಸಲು ಅಧಿಕಾರಿ ಹಿಂಜರಿದರೆ, ಅವರು ಅಂಜುವ ಜನರ ಬೈಗುಳ ಯಾವ ಬಗೆಯದೆಂದು ನನಗೂ ಗೊತ್ತು. ಟೊರೊಂಟೊದ ಎಚ್ಚರಿಕೆಯೂ ಹುಟ್ಟಿನಿಂದ ಬಂದದ್ದಲ್ಲ: 2000ನೇ ಇಸವಿಯ ಮೇ ತಿಂಗಳಲ್ಲಿ ಒಂಟಾರಿಯೊದ ವಾಕರ್ಟನ್ ಎಂಬ ಸಣ್ಣ ಊರಿನಲ್ಲಿ ಕಲುಷಿತ ಕುಡಿಯುವ ನೀರಿನಿಂದ 7 ಜನ ಸತ್ತರು, 2,000ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು.

ಇನ್ನೊಂದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅಂದು ನಾವು ಗೇಟಿನತ್ತ ತಿರುಗಿದಾಗ ಆ ಕಾವಲುಗಾರರು ಕೂಗಿ ಕರೆದರು. ಹುಲ್ಲಿಗೆ ನೀರು ಹಾಯಿಸುವ ಪೈಪನ್ನು ಎಳೆದು ತಂದು, ಅದರ ಬಾಯಿಗೆ ಹೆಬ್ಬೆರಳು ಒತ್ತಿ, ಮಗಳ ಮೇಲೂ ಅಲ್ಲಿದ್ದ ಇನ್ನೂ ನಾಲ್ಕು ಮಕ್ಕಳ ಮೇಲೂ ಹತ್ತು ನಿಮಿಷ ನೀರು ಚಿಮ್ಮಿಸಿದರು. ಟೊರೊಂಟೊದಲ್ಲಿ ಯಾವ ಕೆಲಸಗಾರನೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ. ಮಗಳ ಒತ್ತಾಯಕ್ಕೆ ಮರುದಿನವೂ ಹೋದೆವು. ಅಂದು ಅವರ ಪಾಳಿ ಇರಲಿಲ್ಲ. ಪೈಪು ಸುರುಳಿ ಸುತ್ತಿಕೊಂಡು ಕೋಣೆಯೊಳಗಿತ್ತು, ಕೋಣೆಗೆ ಬೀಗವಿತ್ತು.