ಬಾಟಲಿ ನೀರು ಬೆಟ್ಟದ ಚಿಲುಮೆಯದ್ದಾ?

"ನಲ್ಲಿ ನೀರು ಕುಡಿಯಬೇಡಿ. ಬಾಟಲಿ ನೀರು ಬೆಟ್ಟದ ಚಿಲುಮೆಯಿಂದ ನೇರ ಬರುತ್ತೆ, ಅದೇ ಶುದ್ಧ." ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪ್‌ಗಳಲ್ಲಿ ಓಡಾಡುವ ಈ ಮಾತು ಬಹುಪಾಲು ಸುಳ್ಳು.

ಬಾಟಲಿ ತಿರುಗಿಸಿ ಲೇಬಲ್ ಓದಿ. 'ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್' ಅಂತಿದ್ದರೆ ಅದು ಬೋರ್‌ವೆಲ್ ನೀರೂ ಆಗಿರಬಹುದು, ನಲ್ಲಿ ನೀರೂ ಆಗಿರಬಹುದು. ಶುದ್ಧ ಮಾಡಿ ತುಂಬಿದ್ದಾರೆ, ಅಷ್ಟೇ. 2024ರ ಕೊನೆಯಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇದನ್ನು 'ಹೆಚ್ಚು ಅಪಾಯ'ದ ಆಹಾರಗಳ ಪಟ್ಟಿಗೆ ಸೇರಿಸಿತು. ಹಾಗಂತ ವಿಷ ಅಂತಲ್ಲ, ತಪಾಸಣೆ ಜಾಸ್ತಿ ಬೇಕು ಅಂತ.

ಬಾಟಲಿಗೆ ತುಂಬುವ ಮುನ್ನ ನೀರನ್ನು ಸೋಸುವ ಆರ್‌ಒ ಯಂತ್ರ ಒಂದಿಷ್ಟು ಉಪ್ಪುನೀರನ್ನು ಹೊರಗೆ ಚೆಲ್ಲುತ್ತದೆ. ಹಾಗಾಗಿ ಒಂದು ಲೀಟರ್ ತುಂಬಲು ಅದಕ್ಕಿಂತ ಜಾಸ್ತಿ ನೀರು ಎತ್ತಬೇಕು. 2024ರ ಬೇಸಿಗೆಯಲ್ಲಿ ಇಲ್ಲಿ ಸಾವಿರಾರು ಬೋರ್‌ವೆಲ್ ಬತ್ತಿ, ಟ್ಯಾಂಕರ್ ದರಕ್ಕೇ ಸರ್ಕಾರ ಮಿತಿ ಹಾಕಬೇಕಾಯಿತು. ನೆಲದಡಿಯ ನೀರು ಎಲ್ಲರದೂ ಅಲ್ವಾ? ಬಾಟಲಿಗೆ ಇಳಿದ ಮೇಲೆ ದುಡ್ಡಿದ್ದವರದು.

ಇನ್ನು ನಲ್ಲಿಗೆ ಬರುವ ಕಾವೇರಿ ನೀರು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಸುಮಾರು 100 ಕಿ.ಮೀ. ದೂರದಿಂದ ಪಂಪ್ ಆಗಿ ಬರುತ್ತದೆ. ಕೆಡುವುದು ದಾರಿಯ ಹಳೇ ಪೈಪಿನಲ್ಲಿ, ಇಲ್ಲವೇ ನಮ್ಮದೇ ಸಂಪ್‌ನಲ್ಲಿ. ಸಂಪ್ ಆಗಾಗ ತೊಳೆಸಿ, ನೀರು ಕುದಿಸಿ ಕುಡಿಯಿರಿ.