ಬೆರ್ಚಪ್ಪನ ಮೀಸೆ ಯಾರಿಗಾಗಿ?

ಹಕ್ಕಿ ಬೆದರಿಸುವ ಬೊಂಬೆಗೆಂದು ಹೊಲದಲ್ಲಿ ಗಳ ನೆಟ್ಟು, ಹುಲ್ಲು ತುರುಕಿ, ಹರಕು ಅಂಗಿ ತೊಡಿಸುವ ಕೆಲಸವೆಲ್ಲ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಸುಣ್ಣ ಬಳಿದ ಮಡಕೆ ಕೈಗೆ ಬಂತೋ, ಇದ್ದಿಲು ಹಿಡಿದ ಕೈ ನಿಧಾನವಾಗುತ್ತದೆ. ಕಣ್ಣು ದುಂಡಗಿರಬೇಕು, ಹಲ್ಲು ಕಾಣಬೇಕು, ಮೀಸೆಯಂತೂ ತುದಿಯಲ್ಲಿ ತಿರುವಿರಲೇಬೇಕು. ಇಷ್ಟೆಲ್ಲ ಸಿಂಗಾರ ಯಾರಿಗೆ? ಜೋಳದ ತೆನೆಯ ಮೇಲೆ ಕಣ್ಣಿಟ್ಟು ಇಳಿಯುವ ಗಿಳಿಗೆ ಮೀಸೆಯ ತಿರುವು ಲೆಕ್ಕಕ್ಕೇ ಇಲ್ಲ. ಆ ಮೀಸೆ ಬದುವಿನ ಮೇಲೆ ನಡೆದುಹೋಗುವವರಿಗೆ.

ಬಯಲುಸೀಮೆಯಲ್ಲಿ ಬೆದರುಬೊಂಬೆ, ಕರಾವಳಿ-ಮಲೆನಾಡಿನ ಕಡೆ ಬೆರ್ಚಪ್ಪ. ಹೆಸರು ಯಾವುದಾದರೂ ಅಸ್ಥಿಪಂಜರ ಒಂದೇ: ಉದ್ದದ್ದೊಂದು ಗಳ, ಅಡ್ಡಕ್ಕೊಂದು ಕೋಲು. ಉದ್ದದ್ದನ್ನು ಒಂದೂವರೆ ಅಡಿಯಾದರೂ ಹುಗಿಯಬೇಕು, ಇಲ್ಲದಿದ್ದರೆ ಮೊದಲ ಮಳೆಗಾಳಿಗೇ ಬೆರ್ಚಪ್ಪ ಕುಡುಕನ ಹಾಗೆ ವಾಲುತ್ತಾನೆ. ಪೈರಿನ ಮೇಲೆ ಎರಡು-ಮೂರು ಅಡಿ ಕಾಣುವಷ್ಟು ಎತ್ತರ ಬೇಕು. ಜೋಳ ಮೊಣಕಾಲುದ್ದ ಇರುವಾಗ ಅಳತೆ ನೋಡಿ ನೆಟ್ಟವರ ಬೊಂಬೆ, ತೆನೆ ಬರುವ ಹೊತ್ತಿಗೆ ಪೈರಿನೊಳಗೆ ಮುಳುಗಿರುತ್ತದೆ. ಅಡ್ಡಕೋಲು ಅಂಗಿಯ ತೋಳಿಗಿಂತ ಗೇಣುದ್ದ ಗಿಡ್ಡವಿರಲಿ. ತೋಳಿನ ತುದಿ ಜೋತುಬಿದ್ದು ಗಾಳಿಗೆ ಪಟಪಟ ಹೊಡೆದುಕೊಳ್ಳಬೇಕು. ಕೋಲೇ ಹೊರಗೆ ಚಾಚಿಕೊಂಡಿತೋ, ಕಾಗೆಗೆ ಕೂತು ಉಣ್ಣಲು ಮಣೆ ಹಾಕಿಕೊಟ್ಟಂತೆ. ಹುಲ್ಲನ್ನು ಗಿಡಿದು ತುಂಬುವುದೂ ತಪ್ಪು. ನೆನೆದರೆ ಭಾರ, ಒಣಗಿದರೆ ಇಲಿಗೆ ಬೆಚ್ಚನೆಯ ಮನೆ.

ಆದರೆ ಎಲ್ಲಕ್ಕಿಂತ ದೊಡ್ಡ ತಪ್ಪು, ಬಿತ್ತಿದ ದಿನ ನಿಲ್ಲಿಸಿ ಕೊಯ್ಲಿನ ತನಕ ಅಲ್ಲೇ ಬಿಡುವುದು. ಹೊಸದರಲ್ಲಿ ಹಕ್ಕಿಗಳು ದೂರದಿಂದಲೇ ಸುತ್ತು ಹಾಕಿ ಹೋಗುತ್ತವೆ. ಕೆಲವು ದಿನ ನೋಡುತ್ತವೆ. ಇದು ಕೂಗುವುದಿಲ್ಲ, ಕಲ್ಲು ಬೀಸುವುದಿಲ್ಲ, ಜಾಗ ಬಿಟ್ಟು ಕದಲುವುದಿಲ್ಲ. ಆಮೇಲೆ ಅದೊಂದು ಮರ. ಮೀಸೆ ಇರುವ ಮರ, ಅಷ್ಟೆ.

ಗುರುತುಗಳ ಬಗ್ಗೆ ತಲೆಕೆಡಿಸಿಕೊಂಡ ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪಿಯರ್ಸ್ (1839-1914) ಅವುಗಳಲ್ಲಿ ಮೂರು ಬಗೆ ಕಂಡಿದ್ದ. ಚಿತ್ರದ ಹಾಗೆ ಹೋಲಿಕೆಯಿಂದ ಅರ್ಥ ಕೊಡುವುದು ಒಂದು. ಹೊಗೆ ಬೆಂಕಿಯನ್ನು, ಹೆಜ್ಜೆ ಪ್ರಾಣಿಯನ್ನು ತೋರುವ ಹಾಗೆ ನಿಜವಾದ ನಂಟಿನಿಂದ ಅರ್ಥ ಕೊಡುವುದು ಇನ್ನೊಂದು. ನಾವು ನಾವೇ ಒಪ್ಪಿಕೊಂಡದ್ದರಿಂದ ಅರ್ಥ ಪಡೆಯುವುದು ಮೂರನೆಯದು, ಅಕ್ಷರಗಳ ಹಾಗೆ. ಬೆರ್ಚಪ್ಪನನ್ನು ಕಟ್ಟುವವರು ಒದ್ದಾಡುವುದೆಲ್ಲ ಹೋಲಿಕೆಗೆ. ಹಕ್ಕಿ ಓದುವುದು ನಂಟನ್ನು: ಅಲುಗಾಟ, ಸದ್ದು, ನಿನ್ನೆ ಇಲ್ಲದ್ದು ಇವತ್ತು ಇರುವುದು.

ಹೋಲಿಕೆಯ ಜಂಬಕ್ಕೆ ಹಳೆಯ ಕಥೆಯೊಂದಿದೆ. ಗ್ರೀಕ್ ಚಿತ್ರಕಾರ ಜ್ಯೂಕ್ಸಿಸ್ ಬರೆದ ದ್ರಾಕ್ಷಿಗೊಂಚಲನ್ನು ಹಕ್ಕಿಗಳು ಕುಕ್ಕಲು ಬಂದವಂತೆ. ಒಂದನೆಯ ಶತಮಾನದ ರೋಮಿನ ಪ್ಲಿನಿ ಹೇಳುವ ಈ ಕಥೆಯನ್ನು ಕಲೆಯ ಗೆಲುವು ಎಂದು ಎಲ್ಲರೂ ಎತ್ತಿ ಆಡುತ್ತಾರೆ. ಅದರ ಬಾಲ ಇನ್ನೂ ಸೊಗಸು. ಜ್ಯೂಕ್ಸಿಸ್ ಮುಂದೊಮ್ಮೆ ದ್ರಾಕ್ಷಿ ಹೊತ್ತ ಹುಡುಗನನ್ನು ಬರೆದ. ಆಗಲೂ ಹಕ್ಕಿಗಳು ಬಂದವು, ಅವನಿಗೆ ಸಿಟ್ಟು ಬಂತು. ಹುಡುಗನನ್ನೂ ದ್ರಾಕ್ಷಿಯಷ್ಟೇ ಚೆನ್ನಾಗಿ ಬರೆದಿದ್ದರೆ ಇವು ಹೆದರಬೇಕಿತ್ತಲ್ಲ! ಬೆದರುಗೊಂಬೆ ಕೆಟ್ಟಿತೆಂದು ತನ್ನನ್ನೇ ಬೈದುಕೊಂಡ ಮೊದಲ ಕಲಾವಿದ ಇವನೇ ಇರಬೇಕು. ಬಣ್ಣ ಕಮ್ಮಿಯಾಗಿರಲಿಲ್ಲವೇನೋ, ಹುಡುಗ ಅಲುಗಾಡಲಿಲ್ಲ.

ಹಕ್ಕಿಗೆ ಪೂರ್ತಿ ಚಿತ್ರ ಬೇಕಾಗಿಯೂ ಇಲ್ಲ ಎಂದು ತೋರಿಸಿದವರು ಪ್ರಾಣಿಗಳ ನಡವಳಿಕೆಯನ್ನು ಅಭ್ಯಾಸ ಮಾಡಿದ ವಿಜ್ಞಾನಿ ನಿಕೊ ಟಿನ್‌ಬರ್ಗೆನ್. ಹೆರಿಂಗ್ ಗಲ್ ಎಂಬ ಕಡಲಹಕ್ಕಿಯ ಹಳದಿ ಕೊಕ್ಕಿನ ಕೆಳಭಾಗದಲ್ಲಿ ಕೆಂಪು ಚುಕ್ಕೆಯೊಂದಿರುತ್ತದೆ, ಮರಿ ಅದನ್ನು ಕುಕ್ಕಿ ತುತ್ತು ಕೇಳುತ್ತದೆ. ತಾಯಿಯ ತಲೆಯ ತದ್ರೂಪು ಮಾದರಿಗಿಂತ, ತುದಿಯಲ್ಲಿ ಬಿಳಿ ಪಟ್ಟೆ ಎಳೆದ ತೆಳ್ಳನೆಯ ಕೆಂಪು ಕಡ್ಡಿಯನ್ನೇ ಮರಿಗಳು ಹೆಚ್ಚು ಸಲ ಕುಕ್ಕಿದವು. ತಾಯಿಯ ಕಣ್ಣು, ತಲೆ, ಮುಖಭಾವ ಎಲ್ಲ ವ್ಯರ್ಥ. 1973ರಲ್ಲಿ ಟಿನ್‌ಬರ್ಗೆನ್ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು.

ಹೀಗಾಗಿ ಹೊಲದಲ್ಲಿ ನಡೆಯುವ ಉಪಾಯಗಳೆಲ್ಲ ಮುಖ ಬಿಟ್ಟವು. ಒಂದು ಬದಿ ಕೆಂಪು, ಒಂದು ಬದಿ ಬೆಳ್ಳಿಬಣ್ಣದ ಮಿಂಚುಪಟ್ಟಿಯನ್ನು ಎರಡು ಗೂಟಗಳ ನಡುವೆ ಕಟ್ಟುತ್ತಾರೆ. ಬಿಗಿದು ಕಟ್ಟಿದರೆ ಕೆಲಸವಿಲ್ಲ. ಮೂರ್ನಾಲ್ಕು ಸುತ್ತು ತಿರುಚಿ ತುಸು ಸಡಿಲ ಬಿಟ್ಟರೆ ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್‌ಗುಡುತ್ತದೆ. ಹಾಡು ಮುಗಿಸಿದ ಕ್ಯಾಸೆಟ್ಟಿನ ಟೇಪಿಗೂ ಎಷ್ಟೋ ಹೊಲಗಳಲ್ಲಿ ಇದೇ ಎರಡನೆಯ ನೌಕರಿ. ಬೊಂಬೆಯೇ ಬೇಕೆಂದರೆ ತೆನೆ ಹಾಲುಗಟ್ಟುವಾಗ ನಿಲ್ಲಿಸಬೇಕು, ಎರಡು-ಮೂರು ದಿನಕ್ಕೊಮ್ಮೆ ಜಾಗ ಬದಲಿಸಬೇಕು, ಅಂಗಿಯನ್ನೂ. ಇದಕ್ಕಿಂತ ಗಟ್ಟಿಯಾದದ್ದು, ಹೊಲ ಕಾಯುವವನೂ ಬೊಂಬೆಯೂ ಒಂದೇ ಬಣ್ಣದ ಅಂಗಿ ತೊಡುವುದು. ಬೆಳಿಗ್ಗೆ ಸಂಜೆ ಗಿಳಿ ಇಳಿಯುವ ಹೊತ್ತಿಗೆ ಅವನು ಅಲ್ಲೇ ನಿಂತು ಕವಣೆ ಬೀಸಿದರೆ, ಮಧ್ಯಾಹ್ನವೆಲ್ಲ ಆ ಕವಣೆಯ ಭಯ ಬೊಂಬೆಯ ಅಂಗಿಗೂ ಅಂಟಿಕೊಂಡಿರುತ್ತದೆ. ನಾಟಕದ ರಾಜನ ಕಿರೀಟದ ಹಾಗೆ ಅದು ಕಡ ತಂದ ಗತ್ತು.

ಮಲೆನಾಡಿನ ತೋಟಗಳಲ್ಲಿ ಮಂಗಗಳಿಗೆ ಹುಲಿಬೊಂಬೆ ಇಡುತ್ತಾರೆ. ಮಂಗ ಹಕ್ಕಿಗಿಂತ ಹುಷಾರು. ಮಳೆಯಲ್ಲಿ ನೆನೆದು ಹೊಟ್ಟೆ ಜೋತ ಹುಲಿಯನ್ನು ಅದು ಬಹಳ ದಿನ ನಂಬುವುದಿಲ್ಲ. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ಸಾಕುನಾಯಿಗೇ ಹುಲಿಪಟ್ಟೆ ಬಳಿದದ್ದು ಪತ್ರಿಕೆಗಳಲ್ಲಿ ಬಂದಿತ್ತು. ನಗುವವರು ನಕ್ಕರು. ಪಟ್ಟೆಗೆ ನಾಲ್ಕು ಕಾಲು ಕೊಟ್ಟದ್ದೇ ಅದರ ಜಾಣತನ.

ಇನ್ನು ಮೀಸೆ. ಅದಕ್ಕೂ ಕೆಲಸವಿದೆ, ಪಿಯರ್ಸ್ ಹೇಳಿದ ಮೂರನೆಯ ಬಗೆಯದು. ಮೆಣಸಿನಗಿಡದ ನಡುವೆ ಬಿಳಿ ಸುಣ್ಣಕ್ಕೆ ಕಪ್ಪು ಚುಕ್ಕೆ ಇಟ್ಟ ಮಡಕೆಯೊಂದು ಬೋರಲಾಗಿ ಕೂತಿರುತ್ತದೆ. ಕೈಯಿಲ್ಲ, ಅಂಗಿಯಿಲ್ಲ. ಮುಖ ಯಾವಾಗಲೂ ದಾರಿಯ ಕಡೆಗೆ. ಕಟ್ಟುತ್ತಿರುವ ಮನೆಯ ಮುಂದೆ ತೂಗುವ ರಕ್ಕಸಮುಖದ ಬೂದುಗುಂಬಳಕ್ಕೂ ಇದೇ ಕಸುಬು. ಬರುವವರ ಕಣ್ಣು ಮೊದಲು ಇದರ ಮೇಲೆ ಬೀಳಲಿ, ಆಮೇಲೆ ಬೆಳೆಯ ಮೇಲೆ. ದೃಷ್ಟಿಯನ್ನು ನಂಬದವರೂ ತಿರುಗಿ ನೋಡುತ್ತಾರೆ, ಆದ್ದರಿಂದ ಈ ಲೆಕ್ಕ ತಪ್ಪುವುದು ಕಷ್ಟ. ಇಲ್ಲಿ ಸುಣ್ಣ ಮಾಸಿದರೆ ಮತ್ತೆ ಬಳಿಯಬೇಕಾದದ್ದು ಬಿಟ್ಟರೆ ಬೇರೆ ದುರಸ್ತಿಯಿಲ್ಲ. ಅಲುಗಾಡುವ ಅಗತ್ಯವೂ ಇಲ್ಲ.

ಕೊಯ್ಲಾದ ಮೇಲೆ ಗಳ ಅವರೆಬಳ್ಳಿಗೆ ಹೋಗುತ್ತದೆ, ಹುಲ್ಲು ದನಕ್ಕೂ ಬೇಡವಾಗಿ ತಿಪ್ಪೆಗೆ. ಮಡಕೆಯನ್ನು ಮಾತ್ರ ಬಚ್ಚಲ ಹಿಂದೆ ಜೋಪಾನವಾಗಿ ಇಡುತ್ತಾರೆ. ಮೀಸೆ ಚೆನ್ನಾಗಿ ಬಂದಿತ್ತಲ್ಲ.